ಭೂತನಾಳದಲ್ಲಿ ಪ್ಲಾಟ್, ಪುಣೆಯಲ್ಲಿ ಮಾಲೀಕ

ವಿಜಯಪುರದವರಿಗೆ ಭೂತನಾಳ ಎಂದರೆ ಮೊದಲು ನೆನಪಾಗುವುದು ಕೆರೆ. ನಗರಕ್ಕೆ ಬಹುಕಾಲ ಕುಡಿಯುವ ನೀರು ಕೊಟ್ಟ ಕೆರೆ ಅದು. ಈಗ ಆ ಹೆಸರು ಪ್ಲಾಟ್ ಮಾರಾಟದ ಮಾತುಕತೆಯಲ್ಲೂ ಕೇಳಿಬರುತ್ತದೆ. ಆದಿಲಶಾಹಿ ಕೋಟೆಗೋಡೆಯ ಆಚೆಗೆ ನಗರ ಬೆಳೆಯುತ್ತ ಹೋದಂತೆ ಸುತ್ತಲಿನ ಎರೆ ಹೊಲ, ಮಡ್ಡಿ ಹೊಲಗಳು ಎನ್.ಎ. (ಕೃಷಿಯೇತರ) ಆಗಿ, 30×40 ಅಡಿ ಅಳತೆಯ ತುಂಡುಗಳಾಗಿ, ಬಿಳಿ ಬಣ್ಣ ಬಳಿದ ಕಲ್ಲುಗಳ ನಡುವೆ ಹಂಚಿಹೋಗುತ್ತಿವೆ. ಆ ತುಂಡುಗಳನ್ನು ಕೊಂಡವರಲ್ಲಿ ಅನೇಕರು ಊರಲ್ಲಿಲ್ಲ. ಒಬ್ಬರು ಬೆಂಗಳೂರಿನ ಕಂಪನಿಯಲ್ಲಿದ್ದಾರೆ, ಇನ್ನೊಬ್ಬರು ಪುಣೆಯ ಕಾರ್ಖಾನೆಯಲ್ಲಿ. ಗೋವಾದ ಕಟ್ಟಡ ಕೆಲಸಕ್ಕೆ ಹೋದ ತಾಂಡಾದ ಕುಟುಂಬ, ಗಡಿಯಲ್ಲಿರುವ ಸೈನಿಕ, ಕೊಲ್ಲಿ ದೇಶದಲ್ಲಿ ದುಡಿಯುವ ಎಲೆಕ್ಟ್ರಿಷಿಯನ್, ಎಲ್ಲರೂ ಉಳಿತಾಯದ ಹಣವನ್ನು ತಂದು ಹಾಕಿದ್ದು ಊರ ನೆಲದ ಮೇಲೆ.

ದುಡಿದ ಊರಿನಲ್ಲಿ ನೆಲ ಕೊಳ್ಳುವ ಶಕ್ತಿ ಇಲ್ಲದವರಿಗೆ ಹುಟ್ಟಿದ ಊರಿನ ಪ್ಲಾಟ್ ಕೈಗೆಟುಕುವ ಹೂಡಿಕೆ. ಮುಪ್ಪಿನಲ್ಲಿ ಬಂದು ಇರಬಹುದು, ಮಗಳ ಮದುವೆಗೆ ಮಾರಬಹುದು, ಸುಮ್ಮನಿದ್ದರೂ ಬೆಲೆ ಏರುತ್ತದೆ ಎಂಬ ನಂಬಿಕೆ. ಕೊಳ್ಳುವ ದಿನ ಎಲ್ಲರೂ ಕಾಗದ ನೋಡುತ್ತಾರೆ, ಬೆಲೆ ಕೇಳುತ್ತಾರೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ. ಮಾರನೆಯ ದಿನದಿಂದ ಅದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ‘ಅಣ್ಣ ಇದ್ದಾನಲ್ಲ’, ‘ಮಾವ ನೋಡ್ತಾರ’ ಎಂಬ ಉತ್ತರ ಸಿಗುತ್ತದೆ.

ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಕರ್ನಾಟಕ ಭೂದಾಖಲೆಗಳನ್ನು ಗಣಕಕ್ಕೆ ಏರಿಸುವಲ್ಲಿ ದೇಶಕ್ಕೇ ಮುಂದಿದೆ. ದುಬೈನಲ್ಲಿ ಕೂತವರೂ ತಮ್ಮ ಹೊಲದ ಉತಾರವನ್ನು (ಪಹಣಿಯನ್ನು) ಮೊಬೈಲಿನಲ್ಲಿ ನೋಡಬಹುದು. ಆದರೆ ನೆಲದ ಮೇಲೆ ಹೋಗಿ ನಿಂತು ನೋಡುವ ಮನುಷ್ಯನಿಗೆ ಬದಲಿ ಇನ್ನೂ ಹುಟ್ಟಿಲ್ಲ. ಆ ಮನುಷ್ಯನ ಕೆಲಸಕ್ಕೆ ಬೆಲೆ ಕಟ್ಟಿ, ಕರಾರು ಬರೆದು, ಸಂಬಳ ಕೊಡುವ ರೂಢಿಯೂ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಬೆಳೆದಿಲ್ಲ. ದೂರದ ಆಸ್ತಿಯ ತೊಂದರೆಗಳನ್ನು ಒಂದೊಂದಾಗಿ ಕೆದಕುತ್ತ ಹೋದರೆ ಹೆಚ್ಚಿನವು ಬಂದು ನಿಲ್ಲುವುದು ಈ ಕೊರತೆಯ ಬಳಿಯೇ.

ಖಾಲಿ ಪ್ಲಾಟಿನ ಪಾಡು

ಖಾಲಿ ಪ್ಲಾಟಿಗೆ ಖರ್ಚೇನೂ ಇಲ್ಲ ಎಂಬುದು ಮೊದಲ ತಪ್ಪು ಲೆಕ್ಕ. ಎರಡು ಮಳೆಗಾಲ ಯಾರೂ ಹೆಜ್ಜೆ ಇಡದಿದ್ದರೆ ಬಳ್ಳಾರಿ ಜಾಲಿ ಆಳೆತ್ತರ ಬೆಳೆದು ಮೂಲೆಕಲ್ಲುಗಳನ್ನು ಮುಚ್ಚಿಬಿಡುತ್ತದೆ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಆಳವಿಲ್ಲದ ಬುನಾದಿಯ ಕಂಪೌಂಡ್ ವಾಲುತ್ತದೆ, ಹುಗಿದ ಕಲ್ಲು ಸರಿಯುತ್ತದೆ. ಪಕ್ಕದಲ್ಲಿ ಮನೆ ಕಟ್ಟುವವರು ಮರಳು, ಕಡಿ, ಇಟ್ಟಿಗೆ ಇಳಿಸಲು ಆ ಜಾಗವನ್ನೇ ಬಳಸುತ್ತಾರೆ. ಅವರ ಬುನಾದಿ ಒಂದಡಿ ಒಳಗೆ ಬಂದರೂ ತಡೆಯುವವರಿಲ್ಲ. ಮನೆ ಮುಗಿದು ವಾಸ್ತುಶಾಂತಿಯಾದ ಮೇಲೆ ಮಾಲೀಕ ಬಂದು ಟೇಪು ಹಿಡಿದರೆ 30 ಅಡಿ ಇರಬೇಕಾದದ್ದು 28 ಇರುತ್ತದೆ.

ಆಗ ಮಾಡಬೇಕಾದ ಮೊದಲ ಕೆಲಸ ಅಳತೆ. ಸರ್ವೆ ನಂಬರಿನ ಜಮೀನಾದರೆ ಹದ್ದುಬಸ್ತಿಗೆ (ಗಡಿ ಗುರುತಿಸುವ ಅಳತೆಗೆ) ಅರ್ಜಿ ಹಾಕಬೇಕು. ಭೂಮಾಪಕರು ಬರುವ ದಿನ ಅಕ್ಕಪಕ್ಕದವರಿಗೆ ನೋಟಿಸ್ ಹೋಗಿರಬೇಕು, ಅರ್ಜಿದಾರರೂ ಹಾಜರಿರಬೇಕು. ಬೆಂಗಳೂರಿನಿಂದ ವಿಜಯಪುರಕ್ಕೆ 500 ಕಿಲೋಮೀಟರಿಗೂ ಹೆಚ್ಚು ದೂರ. ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲೋ ರಾತ್ರಿ ಬಸ್ಸಿನಲ್ಲೋ ಬಂದಿಳಿದ ದಿನ ಅಳತೆ ಮುಂದಕ್ಕೆ ಹೋದರೆ ರಜೆಯೂ ಹೋಯಿತು, ಪ್ರಯಾಣದ ಹಣವೂ ಹೋಯಿತು. ನಗರದೊಳಗಿನ ಹಳೆಯ ಆಸ್ತಿಗಳಿಗೆ ಮುಂಬೈ ಪ್ರಾಂತ್ಯದ ಕಾಲದಿಂದ ಬಂದ ಸಿ.ಟಿ.ಎಸ್. (ಸಿಟಿ ಸರ್ವೆ) ನಂಬರುಗಳಿವೆ, ಅವುಗಳ ನಕ್ಷೆ, ಉತಾರ ಸಿಗುವುದು ಬೇರೆ ಕಚೇರಿಯಲ್ಲಿ. ಯಾವ ಕಾಗದ ಎಲ್ಲಿ ಸಿಗುತ್ತದೆ ಎಂದು ತಿಳಿಯುವುದಕ್ಕೇ ದೂರದವರಿಗೆ ಒಂದು ಸುತ್ತು ಬೇಕಾಗುತ್ತದೆ.

ಇಲ್ಲಿ ಮೊಬೈಲ್ ನೆರವಿಗೆ ಬರುವುದುಂಟು. ರಾಜ್ಯದ ‘ದಿಶಾಂಕ್’ ಆ್ಯಪ್ ತೆರೆದು ಜಾಗದಲ್ಲಿ ನಿಂತರೆ ಅದು ಯಾವ ಸರ್ವೆ ನಂಬರ್ ಎಂದು ತೋರಿಸುತ್ತದೆ. ಪ್ಲಾಟ್ ಕೊಳ್ಳುವ ಮುನ್ನ ಏಜೆಂಟ್ ತೋರಿಸಿದ ಜಾಗವೂ ಕಾಗದದಲ್ಲಿರುವ ಜಾಗವೂ ಒಂದೇ ಹೌದೋ ಅಲ್ಲವೋ ಎಂದು ನೋಡಲು ಇದು ಒಳ್ಳೆಯ ದಾರಿ. ಆದರೆ ಇಂಚು-ಅಡಿಯ ತಕರಾರು ಅದರಿಂದ ತೀರುವುದಿಲ್ಲ, ಮತ್ತು ಜಾಗದಲ್ಲಿ ನಿಂತು ಅದನ್ನು ತೆರೆಯುವುದಕ್ಕೂ ಯಾರಾದರೂ ಬೇಕು.

ಸರ್ಕಾರಕ್ಕೇ ಈ ಪಾಠ ಕಲಿಯಬೇಕಾಗಿ ಬಂತು. ರಾಜ್ಯದ ಸುಮಾರು 14 ಲಕ್ಷ ಸರ್ಕಾರಿ ಜಮೀನುಗಳ ಒತ್ತುವರಿ ತಡೆಯಲು ಕಂದಾಯ ಇಲಾಖೆ ‘ಲ್ಯಾಂಡ್ ಬೀಟ್’ ಎಂಬ ಆ್ಯಪ್ ತಂದಿತು. ಗ್ರಾಮ ಆಡಳಿತ ಅಧಿಕಾರಿ ಪ್ರತಿಯೊಂದು ಜಾಗಕ್ಕೂ ಖುದ್ದಾಗಿ ಹೋಗಿ, ಅಲ್ಲಿಂದಲೇ ಸ್ಥಿತಿಯನ್ನು ದಾಖಲಿಸಬೇಕು ಎಂಬುದು ಅದರ ತಿರುಳು. ಎಲ್ಲ ದಾಖಲೆಯನ್ನೂ ತನ್ನ ಬಳಿಯೇ ಇಟ್ಟುಕೊಂಡ ಇಲಾಖೆಯೂ ಕೊನೆಗೆ ಮನುಷ್ಯನನ್ನು ನೆಲಕ್ಕೆ ಕಳಿಸಬೇಕಾಯಿತು.

ಕಾಗದದ ಮೇಲಿನ ಕಣ್ಣು

2000ದಲ್ಲಿ ಬಂದ ‘ಭೂಮಿ’ ಯೋಜನೆ ಕೈಬರಹದ ಪಹಣಿಗೆ ಅಂತ್ಯ ಹಾಡಿತು. ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶ 2023ರಲ್ಲಿ ಹೊಸ ರೂಪ ಪಡೆದು, ಋಣಭಾರ ಪ್ರಮಾಣಪತ್ರವನ್ನು (ಇ.ಸಿ.) ಮನೆಯಿಂದಲೇ ಪಡೆಯುವಂತಾಯಿತು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ನಿವೇಶನಗಳಿಗೆ ಇ-ಸ್ವತ್ತಿನ ನಮೂನೆ 9 ಮತ್ತು 11, ನಗರದವುಗಳಿಗೆ ಇ-ಆಸ್ತಿ ಬಂದವು. 2024ರ ಅಕ್ಟೋಬರ್‌ನಿಂದ ನಗರ ಪ್ರದೇಶದ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. ಮಾಲೀಕನ ಆಧಾರ್, ಆಸ್ತಿಯ ಫೋಟೊ, ತೆರಿಗೆ ರಸೀದಿ, ಖರೀದಿ ಪತ್ರ ಎಲ್ಲವೂ ಒಂದಕ್ಕೊಂದು ಹೊಂದಿದರೆ ಮಾತ್ರ ಅದು ಸಿಗುತ್ತದೆ. ಒಬ್ಬರ ಪ್ಲಾಟನ್ನು ಇನ್ನೊಬ್ಬರು ಮಾಲೀಕನ ಸೋಗಿನಲ್ಲಿ ಬಂದು ಮಾರುವ ವಂಚನೆಗೆ ಇದು ದೊಡ್ಡ ತಡೆ. ಇಂಥ ವಂಚಕರು ಹುಡುಕುವುದೇ ವರ್ಷಗಟ್ಟಲೆ ಯಾರೂ ಬರದ, ತೆರಿಗೆ ಬಾಕಿ ಇರುವ, ಖಾತೆ ಬದಲಾಗದ ಆಸ್ತಿಯನ್ನು.

ಹೀಗಾಗಿ ದೂರದ ಮಾಲೀಕ ಮಾಡಿಕೊಳ್ಳಬೇಕಾದ ಮೊದಲ ಅಭ್ಯಾಸ ವರ್ಷಕ್ಕೊಮ್ಮೆ ಉತಾರ ಮತ್ತು ಇ.ಸಿ. ತೆಗೆದು ನೋಡುವುದು. ಏಪ್ರಿಲ್ ಇದಕ್ಕೆ ಸರಿಯಾದ ತಿಂಗಳು. ಆಸ್ತಿ ತೆರಿಗೆಯನ್ನು ಆ ತಿಂಗಳಲ್ಲೇ ಕಟ್ಟಿದರೆ ಶೇ 5 ರಿಯಾಯಿತಿಯೂ ಇದೆ. ಎರಡೂ ಕೆಲಸ ಒಂದೇ ಸಲಕ್ಕೆ ಮುಗಿಯುತ್ತವೆ.

ಆದರೆ ದಾಖಲೆ ಯಾರ ಹೆಸರಿನಲ್ಲಿದೆ ಎಂಬಲ್ಲಿಂದಲೇ ಹಲವರ ತೊಡಕು ಶುರುವಾಗುತ್ತದೆ. ಮೊಮ್ಮಕ್ಕಳು ಮುಂಬೈ ಸೇರಿ ಎರಡು ತಲೆಮಾರಾದರೂ ಹೊಲ ಅಜ್ಜನ ಹೆಸರಲ್ಲೇ ಇರುತ್ತದೆ. ವಾರಸಾ ಹಚ್ಚಿಸಿಲ್ಲ, ವಾಟ್ನಿ (ಪಾಲು ವಿಭಜನೆ) ಆಗಿಲ್ಲ. ರಾಜ್ಯದಲ್ಲಿ ಸತ್ತವರ ಹೆಸರಿನಲ್ಲೇ ಉಳಿದ ಪಹಣಿಗಳು ಲಕ್ಷಗಟ್ಟಲೆ ಇರುವುದರಿಂದಲೇ ಕಂದಾಯ ಇಲಾಖೆ ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಯನ್ನು ಅಭಿಯಾನವಾಗಿ ಕೈಗೆತ್ತಿಕೊಂಡಿದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮತ್ತು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಕೊಟ್ಟ ತೀರ್ಪಿನ ನಂತರ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲು ಎಂಬುದು ಖಚಿತವಾಗಿದೆ. ಸೊಲ್ಲಾಪುರಕ್ಕೆ ಕೊಟ್ಟ ಅತ್ತೆ, ಜತ್ತಕ್ಕೆ ಕೊಟ್ಟ ಅಕ್ಕ, ಎಲ್ಲರ ಸಹಿ ಬೇಕು. ಅವರನ್ನು ಬಿಟ್ಟು ಕೊಂಡುಕೊಂಡ ಹೊಲ ಹತ್ತು ವರ್ಷದ ಮೇಲೂ ಕೋರ್ಟಿಗೆ ಹೋಗಬಹುದು. ಪಾಲು ಕೇಳುವವರ ತಪ್ಪೇನೂ ಇದರಲ್ಲಿಲ್ಲ; ಹಕ್ಕುದಾರರನ್ನು ಕೇಳದೆ ಬರೆದುಕೊಟ್ಟವರದೂ ವಿಚಾರಿಸದೆ ಕೊಂಡವರದೂ ತಪ್ಪು.

ದಾಖಲೆಯ ಒಂದು ಸಾಲು ಎಷ್ಟು ಕಳವಳ ಹುಟ್ಟಿಸಬಲ್ಲದು ಎಂಬುದಕ್ಕೆ ತಿಕೋಟಾ ತಾಲ್ಲೂಕಿನ ಹೊನವಾಡವೇ ಸಾಕ್ಷಿ. ತಮ್ಮೂರಿನ ಸುಮಾರು 1,200 ಎಕರೆ ಜಮೀನು ವಕ್ಫ್ ಆಸ್ತಿಯೆಂದು ದಾಖಲಾಗಲಿದೆ ಎಂದು 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ರೈತರು ಆತಂಕಪಟ್ಟರು. ವಿಜಯಪುರದ ಮಹಾಲ ಬಾಗಾಯತಕ್ಕೆ ಸೇರಿದ ಆಸ್ತಿಯ ಜೊತೆ 1974ರ ಗೆಜೆಟ್‌ನಲ್ಲಿ ಹೊನವಾಡದ ಹೆಸರು ತಪ್ಪಾಗಿ ಸೇರಿದ್ದೇ ಗೊಂದಲದ ಮೂಲ ಎಂದು ಜಿಲ್ಲಾ ಉಸ್ತುವಾರಿ ಸಚಿವ ಎಂ.ಬಿ. ಪಾಟೀಲರು ವಿವರಿಸಿದರು. ರೈತರಿಗೆ ಕೊಟ್ಟ ನೋಟಿಸ್‌ಗಳನ್ನು ಹಿಂಪಡೆಯಲು ರಾಜ್ಯ ಸರ್ಕಾರ ಸೂಚಿಸಿತು. ಊರಲ್ಲಿದ್ದ ರೈತರು ಕೂಡಲೇ ಒಟ್ಟಾಗಿ ಜಿಲ್ಲಾಡಳಿತದ ಮುಂದೆ ಹೋದರು. ಅದೇ ಊರಲ್ಲಿ ಹೊಲ ಇದ್ದು ಪುಣೆಯಲ್ಲಿ ಇರುವವರು ಏನು ಮಾಡಬೇಕಿತ್ತು? ನೋಟಿಸ್ ಬರುವುದು ಪಹಣಿಯಲ್ಲಿರುವ ವಿಳಾಸಕ್ಕೆ, ಆಕ್ಷೇಪಣೆಗೆ ಕೊಡುವುದು ಕೆಲವೇ ದಿನಗಳ ಅವಧಿ. ಹಕ್ಕು, ಋಣ, ಕೋರ್ಟು ತಡೆಯಾಜ್ಞೆಗಳ ಷರಾ ಬೀಳುವ ಪಹಣಿಯ 11ನೇ ಕಾಲಮ್ಮನ್ನು ಆಗಾಗ ನೋಡುವುದು ಊರಲ್ಲಿರುವವರಿಗಿಂತ ಹೊರಗಿರುವವರಿಗೇ ಹೆಚ್ಚು ಅಗತ್ಯ.

ಹೊಲ: ಮಾತಿನ ಮೇಲೆ ನಡೆಯುವ ಲಾವಣಿ

ಪ್ಲಾಟಿಗಿಂತ ಹೊಲದ ಕಥೆ ಸಂಕೀರ್ಣ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಕರ್ನಾಟಕದಲ್ಲಿ ಹೊಲ ಕೊಳ್ಳಲು ರೈತನೇ ಆಗಿರಬೇಕೆಂಬ ನಿಯಮ, ಆದಾಯದ ಮಿತಿ ಎರಡೂ ಉಳಿಯಲಿಲ್ಲ. ಅತ್ತ ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಬಬಲೇಶ್ವರ, ತಿಕೋಟಾ ಭಾಗದ ಕೆರೆ-ಕಾಲುವೆಗಳಿಗೆ ಕೃಷ್ಣೆಯ ನೀರು ಹತ್ತಿತು. ಒಣ ಹೊಲಕ್ಕೆ ನೀರಿನ ಆಸೆ ಬಂದೊಡನೆ ಬೆಲೆಯೂ ಬಂತು, ಹೊರಗಿನಿಂದ ಕೊಳ್ಳುವವರೂ ಬಂದರು.

ಕೊಂಡವರ ಕನಸಿನಲ್ಲಿ ಸಾಮಾನ್ಯವಾಗಿ ದ್ರಾಕ್ಷಿ ಇರುತ್ತದೆ. ರಾಜ್ಯದ ದ್ರಾಕ್ಷಿಗೆ ವಿಜಯಪುರ ಜಿಲ್ಲೆಯೇ ಮುಖ್ಯ ನೆಲೆ, ಅದರಲ್ಲೂ ತಿಕೋಟಾ, ಬಬಲೇಶ್ವರದ ಒಣದ್ರಾಕ್ಷಿ ಸಾಂಗಲಿ, ತಾಸಗಾಂವ ಪೇಟೆಗಳವರೆಗೂ ಹೋಗುತ್ತದೆ. ಆದರೆ ದ್ರಾಕ್ಷಿ ದೂರದಿಂದ ಮಾಡುವ ಬೆಳೆಯಲ್ಲ. ಏಪ್ರಿಲ್ ಚಾಟ್ನಿ (ಬಳ್ಳಿ ಸವರುವುದು), ಅಕ್ಟೋಬರ್ ಚಾಟ್ನಿ, ಹೂವಿನ ಹೊತ್ತಿಗೆ ಔಷಧ, ಮೋಡ ಕವಿದ ಎರಡು ದಿನದಲ್ಲಿ ಎಲೆಗೆ ಡೌನಿ ರೋಗ. ಆ ಎರಡು ದಿನ ಫೋನಿನಲ್ಲಿ ಮಾತಾಡುತ್ತ ಕಳೆದರೆ ವರ್ಷದ ಫಸಲು ಹೋಯಿತು. ಟಿ.ಸಿ. (ವಿದ್ಯುತ್ ಪರಿವರ್ತಕ) ಸುಟ್ಟರೆ ಹೆಸ್ಕಾಂ ಕಚೇರಿಗೆ ಅಲೆಯಬೇಕು, ಬೋರ್‌ವೆಲ್ ಮೋಟರ್ ಎತ್ತಿಸಬೇಕು, ಕಾಲುವೆ ನೀರಿನ ಸರದಿಗೆ ರಾತ್ರಿ ಕಾಯಬೇಕು. ಹಾಗಾಗಿ ಊರಲ್ಲಿರದ ಬಹುತೇಕರು ಕೊನೆಗೆ ತೊಗರಿ, ಕಡಲೆ, ಬಿಳಿಜೋಳಕ್ಕೆ ಬರುತ್ತಾರೆ. ಅದನ್ನೂ ತಾವು ಮಾಡಲಾರದೆ ಲಾವಣಿಗೋ (ಗೇಣಿಗೋ) ಪಾಲಿಗೋ ಕೊಡುತ್ತಾರೆ.

ಕಾನೂನು ಇಲ್ಲಿ ಅಡ್ಡ ನಿಲ್ಲುತ್ತದೆ. ಉಳುವವನಿಗೇ ಭೂಮಿ ಎಂಬ ತತ್ವದ ಮೇಲೆ ದೇವರಾಜ ಅರಸರ ಕಾಲದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಗೇಣಿಯ ಜಮೀನುಗಳನ್ನು ಸರ್ಕಾರದ ಕೈಗೆ ತಂದು, ನಮೂನೆ 7ರಲ್ಲಿ ಅರ್ಜಿ ಹಾಕಿದ ಗೇಣಿದಾರರಿಗೆ ಒಡೆತನ ಕೊಟ್ಟಿತು. ಊರು ಬಿಟ್ಟು ಪಟ್ಟಣ ಸೇರಿ ಗೇಣಿ ತಿನ್ನುತ್ತಿದ್ದ ಒಡೆಯರ ಕಾಲ ಅಲ್ಲಿಗೆ ಮುಗಿಯಿತು. ತಲೆಮಾರುಗಟ್ಟಲೆ ಬೆವರು ಹರಿಸಿದವರಿಗೆ ನೆಲ ಸಿಕ್ಕ ಆ ಸುಧಾರಣೆ ರಾಜ್ಯದ ಹೆಮ್ಮೆ. ಅದೇ ಕಾಯ್ದೆಯ 5ನೇ ಕಲಂ ಕೃಷಿ ಜಮೀನನ್ನು ಹೊಸದಾಗಿ ಗೇಣಿಗೆ ಕೊಡುವುದನ್ನು ನಿಷೇಧಿಸುತ್ತದೆ. ಸೈನಿಕರು, ನಾವಿಕರಂಥ ಕೆಲವರಿಗಷ್ಟೇ ವಿನಾಯಿತಿ.

ನಿಷೇಧವಿದ್ದರೂ ಲಾವಣಿ ನಿಂತಿಲ್ಲ. ಅದು ಯುಗಾದಿಯ ಹೊತ್ತಿನ ಮಾತಿನ ಮೇಲೆ, ಹೆಚ್ಚೆಂದರೆ ಒಂದು ಬಾಂಡ್ ಕಾಗದದ ಮೇಲೆ ನಡೆಯುತ್ತದೆ. ಮಾಲೀಕನಿಗೆ ಹೊಲ ಬಿಟ್ಟುಕೊಡುತ್ತಾರೋ ಇಲ್ಲವೋ ಎಂಬ ಭಯ. ಅದಕ್ಕೇ ಆತ ಒಂದೆರಡು ವರ್ಷಕ್ಕೊಮ್ಮೆ ರೈತರನ್ನು ಬದಲಿಸುತ್ತಾನೆ. ಮುಂದಿನ ವರ್ಷ ತನ್ನ ಕೈಲಿರುತ್ತದೋ ಇಲ್ಲವೋ ಗೊತ್ತಿಲ್ಲದ ಹೊಲಕ್ಕೆ ಲಾವಣಿದಾರ ಕೊಟ್ಟಿಗೆ ಗೊಬ್ಬರ ಹೇರುವುದಿಲ್ಲ, ಒಡ್ಡು ಕಟ್ಟುವುದಿಲ್ಲ. ನೆಲ ಸವೆಯುತ್ತದೆ.

ಇದರಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಉಳುವವರೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದಾಗ ಬೆಳೆ ಪರಿಹಾರ ಜಮೆಯಾಗಿದ್ದು ಪಹಣಿಯಲ್ಲಿ ಹೆಸರಿದ್ದವರ ಬ್ಯಾಂಕ್ ಖಾತೆಗೆ. ಬೀಜ, ಗೊಬ್ಬರ, ಕೂಲಿಗೆ ಸಾಲ ಮಾಡಿದ ಲಾವಣಿದಾರನ ಹೆಸರು ಯಾವ ತಂತ್ರಾಂಶದಲ್ಲೂ ಇರಲಿಲ್ಲ. ಬೆಳೆಸಾಲ, ಬೆಂಬಲ ಬೆಲೆಯ ತೊಗರಿ ಖರೀದಿ ಎಲ್ಲದಕ್ಕೂ ಪಹಣಿಯೇ ಆಧಾರ. ಪರಿಹಾರದ ಹಣವನ್ನು ಬಿತ್ತಿದವರಿಗೆ ತಲುಪಿಸುವ ಮಾಲೀಕರೂ ಇದ್ದಾರೆ. ಆದರೆ ರೈತನ ಬದುಕು ಇನ್ನೊಬ್ಬರ ಒಳ್ಳೆಯತನದ ಮೇಲೆ ನಿಂತಿರಬಾರದು. ನೀತಿ ಆಯೋಗಕ್ಕಾಗಿ ಟಿ. ಹಕ್ ನೇತೃತ್ವದ ತಜ್ಞರ ಸಮಿತಿ 2016ರಲ್ಲಿ ಕೃಷಿ ಭೂಮಿ ಗುತ್ತಿಗೆಗೆ ಮಾದರಿ ಕಾನೂನೊಂದನ್ನು ಕೊಟ್ಟಿತು. ಒಡೆತನ ಮಾಲೀಕನಲ್ಲೇ ಉಳಿಯಲಿ, ಒಪ್ಪಿದ ಅವಧಿಯವರೆಗೆ ಸಾಗುವಳಿ ಹಕ್ಕು ಬರಹದಲ್ಲಿರಲಿ, ಸಾಲ-ವಿಮೆ-ಪರಿಹಾರ ಸಾಗುವಳಿದಾರನಿಗೆ ಸಿಗಲಿ ಎಂಬುದು ಅದರ ಸಾರ. 1974ರ ನ್ಯಾಯವನ್ನು ಬಿಟ್ಟುಕೊಡದೆ ಇಂದಿನ ಲಾವಣಿಯನ್ನು ಬೆಳಕಿಗೆ ತರುವ ದಾರಿಯನ್ನು ಕರ್ನಾಟಕ ಇನ್ನಾದರೂ ಗಂಭೀರವಾಗಿ ಯೋಚಿಸಬೇಕಿದೆ.

ಬಾಡಿಗೆ ಮನೆಯ ದಿನಚರಿ

ವಿಜಯಪುರದಲ್ಲಿ ಬಾಡಿಗೆ ಮನೆಗೆ ಬೇಡಿಕೆ ಇದೆ. ಬಿ.ಎಲ್.ಡಿ.ಇ. ಸಂಸ್ಥೆಯ ಕಾಲೇಜುಗಳು, ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಸೈನಿಕ ಶಾಲೆ, ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ಕೇಂದ್ರಗಳು ವಿದ್ಯಾರ್ಥಿಗಳನ್ನೂ ನೌಕರರನ್ನೂ ಸೆಳೆಯುತ್ತವೆ. ಹೊರಗಿರುವವರಿಗೆ ಕಷ್ಟ ಬಾಡಿಗೆದಾರರು ಸಿಗುವುದರಲ್ಲಿ ಇಲ್ಲ, ಸಣ್ಣಪುಟ್ಟ ಕೆಲಸಗಳಲ್ಲಿ ಇದೆ. ನಳ ಸೋರಿದರೆ ಯಾರನ್ನು ಕಳಿಸಬೇಕು? ಟಾಕಿ ತೊಳೆಸಿದ್ದು ನಿಜವೇ? ಮಾಳಿಗೆಯ ಬಿರುಕಿನಲ್ಲಿ ನೀರು ಇಳಿಯುತ್ತಿದೆ ಎಂದು ಬಂದ ಫೋಟೊ ಈ ಮನೆಯದೇ? ಮೂರು ಸಾವಿರದ ರಿಪೇರಿಗೆ ಒಂಬತ್ತು ಸಾವಿರದ ಚೀಟಿ ಬಂದರೂ ಅಲ್ಲಗಳೆಯಲು ಆಧಾರವಿಲ್ಲ.

ಕಾಗದದ ಮಟ್ಟಿಗೆ ಹೆಚ್ಚಿನವರು 11 ತಿಂಗಳ ಕರಾರಿಗೆ ಅಂಟಿಕೊಳ್ಳುತ್ತಾರೆ. ಒಂದು ವರ್ಷ ದಾಟಿದ ಬಾಡಿಗೆ ಪತ್ರವನ್ನು ನೋಂದಾಯಿಸಲೇಬೇಕೆಂಬ ನಿಯಮವೇ ಇದಕ್ಕೆ ಕಾರಣ. ತೊಂದರೆ ಏನೆಂದರೆ 11 ತಿಂಗಳು ಮುಗಿದ ಮೇಲೆ ಹೊಸ ಕರಾರು ಬರೆಯಲು ಮಾಲೀಕ ಬರುವುದಿಲ್ಲ. ಹಳೆಯ ಕಾಗದದ ಮೇಲೆ ಐದಾರು ವರ್ಷ ಉರುಳುತ್ತವೆ, ಬಾಡಿಗೆ ಏರುವುದಿಲ್ಲ, ತಕರಾರು ಬಂದಾಗ ತೋರಿಸಲು ಚಾಲ್ತಿಯ ಬರಹವಿರುವುದಿಲ್ಲ.

ಇತ್ತೀಚೆಗೆ ವಿದ್ಯುತ್ ಮೀಟರ್ ಸುತ್ತಲೂ ಒಂದು ತೊಡಕು ಸೇರಿದೆ. 2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರೂ ತಮ್ಮ ಆಧಾರ್ ಅನ್ನು ಮನೆಯ ಆರ್.ಆರ್. ನಂಬರಿಗೆ ಜೋಡಿಸಬಹುದು. ಮನೆ ಬಿಡುವಾಗ ಆ ಜೋಡಣೆ ತೆಗೆಸದೆ ಹೋದರೆ ಹೊಸಬರಿಗೆ ಸೌಲಭ್ಯ ಸಿಗುವುದಿಲ್ಲ. ಮನೆ ಖಾಲಿ ಮಾಡುವ ದಿನ ಮೀಟರ್ ರೀಡಿಂಗ್, ಗೃಹಜ್ಯೋತಿ ಜೋಡಣೆ, ನೀರಿನ ಬಾಕಿ ಮೂರನ್ನೂ ಪರಿಶೀಲಿಸಿ ಸಹಿ ಮಾಡಿಸಿಕೊಂಡ ಮೇಲೇ ಠೇವಣಿ ಹಿಂದಿರುಗಿಸುವುದು ಒಳಿತು. ಆದರೆ ಆ ದಿನ ಮನೆಯ ಮುಂದೆ ನಿಂತು ಇದನ್ನೆಲ್ಲ ನೋಡುವವರು ಬೇಕು.

ಮುಖತ್ಯಾರ ಕೊಡುವ ಮುನ್ನ

ದೂರ ಇರುವವರು ಸುಲಭವಾಗಿ ಮೊರೆಹೋಗುವುದು ವಟಮುಖತ್ಯಾರ ಪತ್ರಕ್ಕೆ (ಪವರ್ ಆಫ್ ಅಟಾರ್ನಿ). ಮಾರುವುದರಿಂದ ಹಿಡಿದು ಕೋರ್ಟಿಗೆ ಹೋಗುವವರೆಗೆ ಎಲ್ಲ ಅಧಿಕಾರವನ್ನೂ ಒಂದೇ ಕಾಗದದಲ್ಲಿ ಬರೆದುಕೊಡುತ್ತಾರೆ. ತೆರಿಗೆ ಕಟ್ಟಲು, ಅಳತೆಗೆ ಹಾಜರಾಗಲು, ಬಾಡಿಗೆ ವಸೂಲಿಗೆ ಬೇಕಾದದ್ದು ಸೀಮಿತ ಅಧಿಕಾರ. ಅದಕ್ಕೆ ಮಾರುವ ಅಧಿಕಾರವನ್ನು ಸೇರಿಸುವ ಅಗತ್ಯವಿಲ್ಲ. ಮುಖತ್ಯಾರ ಪತ್ರ, ಖರೀದಿ ಕರಾರುಗಳಿಂದಷ್ಟೇ ಸ್ಥಿರಾಸ್ತಿಯ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಪತ್ರದ ಅಧಿಕಾರವೂ ಮುಗಿಯುತ್ತದೆ. ಇದನ್ನು ಮುಚ್ಚಿಟ್ಟು ನಡೆಸಿದ ವ್ಯವಹಾರಗಳು ವಾರಸುದಾರರನ್ನು ವರ್ಷಗಟ್ಟಲೆ ಕೋರ್ಟಿಗೆ ಎಳೆಯುತ್ತವೆ. ವಿದೇಶದಲ್ಲಿ ಬರೆದ ಪತ್ರಕ್ಕೆ ಭಾರತೀಯ ದೂತಾವಾಸದ ದೃಢೀಕರಣ ಅಥವಾ ಅಪೊಸ್ಟಿಲ್ ಬೇಕು. ರಾಜ್ಯದ ಹೊರಗೆ ಎಲ್ಲೇ ಬರೆದರೂ, ಅದು ಪುಣೆಯೇ ಆಗಲಿ, ಕರ್ನಾಟಕಕ್ಕೆ ಬಂದ 3 ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು.

ನೋಡಿಕೊಳ್ಳಲು ಇಟ್ಟವರೇ ಮನೆ ಬಿಡುವುದಿಲ್ಲ ಎಂದರೆ? ಗೋವಾದ ಮನೆಯೊಂದರ ವಿಷಯದಲ್ಲಿ ಒಡಹುಟ್ಟಿದವರ ನಡುವೆ ಬೆಳೆದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಎಷ್ಟೇ ಕಾಲ ಇದ್ದರೂ ಉಸ್ತುವಾರಿಗೆ ಇದ್ದವರಿಗೆ ಒಡೆತನದ ಹಕ್ಕು ಹುಟ್ಟುವುದಿಲ್ಲ ಎಂದು 2012ರಲ್ಲಿ ತೀರ್ಪಾಯಿತು. ಆದರೆ ಉಸ್ತುವಾರಿಗೆಂದೇ ಇಟ್ಟದ್ದು ಎಂದು ತೋರಿಸಲು ಬರಹವಿದ್ದರೆ ಹಾದಿ ಸುಲಭ. ಯಾವ ಒಪ್ಪಿಗೆಯೂ ಇಲ್ಲದೆ, ತನ್ನದೇ ಎಂದು ಬಹಿರಂಗವಾಗಿ ಸತತ 12 ವರ್ಷ ಅನುಭವಿಸಿದವರು ಪ್ರತಿಕೂಲ ಸ್ವಾಧೀನದ ವಾದ ಹೂಡಬಹುದು ಎಂಬುದನ್ನು ದೂರದ ಮಾಲೀಕರು ಮರೆಯುವಂತಿಲ್ಲ.

ವಿದೇಶದಲ್ಲಿರುವವರ ಹೆಚ್ಚುವರಿ ಹೊರೆ

ಅನಿವಾಸಿ ಭಾರತೀಯರು ಮನೆ, ಪ್ಲಾಟ್ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಅವರ ಮನೆಯಲ್ಲಿರುವ ಬಾಡಿಗೆದಾರ ಬಾಡಿಗೆಯಲ್ಲಿ ಶೇ 30 ತೆರಿಗೆ ಮತ್ತು ಸೆಸ್ ಮುರಿದು ಕಟ್ಟಬೇಕು. ಸಣ್ಣ ನಗರಗಳಲ್ಲಿ ಬಾಡಿಗೆದಾರನಿಗೂ ಮಾಲೀಕನಿಗೂ ಈ ನಿಯಮದ ಅರಿವು ಕಡಿಮೆ. ಮಾರುವಾಗಲೂ ಕೊಳ್ಳುವವರು ಮೂಲದಲ್ಲೇ ತೆರಿಗೆ ಮುರಿಯಬೇಕು. ಇಲ್ಲಿಯವರಿಂದ ಕೊಳ್ಳುವಾಗ ಅನ್ವಯಿಸುವ 50 ಲಕ್ಷ ರೂಪಾಯಿಯ ಮಿತಿ ಇವರಿಗಿಲ್ಲ. ಕಡಿಮೆ ಮುರಿಯಲು ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಪ್ರಮಾಣಪತ್ರ ಪಡೆಯಬೇಕು. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಆಸ್ತಿಗೆ ಇಲ್ಲಿನ ನಿವಾಸಿಗಳು ಹಣದುಬ್ಬರ ಕಳೆದು ಶೇ 20 ಅಥವಾ ಕಳೆಯದೆ ಶೇ 12.5 ಎಂಬ ಎರಡು ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಅನಿವಾಸಿಗಳಿಗೆ ಆ ಆಯ್ಕೆ ಇಲ್ಲ.

ಭೂತನಾಳದಂಥ ನಗರದಂಚಿನ ಹೊಲದವರಿಗೆ ಇನ್ನೊಂದು ಅಂಶ ಮುಖ್ಯ. ಹಳ್ಳಿಯ ಕೃಷಿ ಜಮೀನು ಮಾರಿದ ಲಾಭಕ್ಕೆ ತೆರಿಗೆಯಿಲ್ಲ ಎಂಬ ಮಾತು ಎಲ್ಲ ಕಡೆ ಸಲ್ಲುವುದಿಲ್ಲ. ಒಂದು ಲಕ್ಷದಿಂದ ಹತ್ತು ಲಕ್ಷದೊಳಗೆ ಜನಸಂಖ್ಯೆಯ ನಗರದ ಎಲ್ಲೆಯಿಂದ ನೇರ ಅಳತೆಯಲ್ಲಿ 6 ಕಿಲೋಮೀಟರ್ ಒಳಗಿದ್ದರೆ ಆ ಹೊಲಕ್ಕೂ ಬಂಡವಾಳ ಲಾಭದ ತೆರಿಗೆ ಉಂಟು. ವಿಜಯಪುರ ಈ ಗುಂಪಿಗೆ ಸೇರುತ್ತದೆ. ಊರ ಒಳಭಾಗದ ಹೊಲಕ್ಕೂ ನಗರದ ನೆರೆಯ ಹೊಲಕ್ಕೂ ಕೈಗೆ ಬರುವ ಹಣದಲ್ಲಿ ದೊಡ್ಡ ಅಂತರವಿದೆ.

ಲಾಭದ ಲೆಕ್ಕ

ಇಷ್ಟೆಲ್ಲ ಕಷ್ಟಕ್ಕೆ ತಕ್ಕ ಪ್ರತಿಫಲ ಇದೆಯೇ? ಒಂದು ಕಾಲ್ಪನಿಕ ಲೆಕ್ಕ ನೋಡಬಹುದು. 50 ಲಕ್ಷ ರೂಪಾಯಿ ಹಾಕಿದ ಮನೆಗೆ ತಿಂಗಳಿಗೆ 12,000 ಬಾಡಿಗೆ ಎಂದರೆ ವರ್ಷಕ್ಕೆ 1.44 ಲಕ್ಷ. ಎರಡು ತಿಂಗಳು ಖಾಲಿ ಬಿದ್ದರೆ 1.20 ಲಕ್ಷ. ಅದರಲ್ಲಿ ರಿಪೇರಿಗೆ 12,000, ನೋಡಿಕೊಳ್ಳುವವರಿಗೆ 12,000, ತೆರಿಗೆ ಮತ್ತಿತರ ಖರ್ಚಿಗೆ 8,000 ಹೋದರೆ ಉಳಿಯುವುದು 88,000. ಹಾಕಿದ ಹಣಕ್ಕೆ ಶೇ 1.76. ಬ್ಯಾಂಕಿನ ಠೇವಣಿ ಇದಕ್ಕಿಂತ ಬಹಳ ಹೆಚ್ಚು ಕೊಡುತ್ತದೆ. ಹಾಗಾಗಿ ದೂರದ ಆಸ್ತಿಯ ಲಾಭವೆಲ್ಲ ಬೆಲೆ ಏರಿಕೆಯ ಮೇಲೇ ನಿಂತಿದೆ.

ಬೆಲೆ ಏರಿಕೆಯ ಭರವಸೆಯನ್ನು ಮಾರುವವರು ಯಾವುದಾದರೂ ದೊಡ್ಡ ಯೋಜನೆಗೆ ಕಟ್ಟುತ್ತಾರೆ. ಬುರಣಾಪುರ–ಮದಭಾವಿ ಬಳಿಯ ವಿಮಾನ ನಿಲ್ದಾಣಕ್ಕೆ 2021ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆಯಾಯಿತು. ಉದ್ಘಾಟನೆಯ ಗಡುವು ಅಲ್ಲಿಂದೀಚೆಗೆ ಹಲವು ಸಲ ಮುಂದೆ ಹೋಯಿತು. ‘ಇನ್ನೇನು ವಿಮಾನ ಇಳಿಯುತ್ತದೆ’ ಎಂಬ ಮಾತಿಗೆ ಸಾಲ ಮಾಡಿ ಪ್ಲಾಟ್ ಕೊಂಡವರು ಅಷ್ಟೂ ವರ್ಷದ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯಬೇಕು. 500 ಚದರ ಮೀಟರ್ ದಾಟಿದ ಅಥವಾ 8ಕ್ಕಿಂತ ಹೆಚ್ಚು ನಿವೇಶನಗಳ ಲೇಔಟ್ ರೇರಾದಲ್ಲಿ ನೋಂದಣಿಯಾಗಿರಬೇಕು. ಅದನ್ನು ಎಲ್ಲಿಂದ ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ನೋಂದಣಿ ಇಲ್ಲದ, ಎನ್.ಎ. ಆಗದ ಹೊಲದಲ್ಲಿ ಗುಂಟೆ ಲೆಕ್ಕದಲ್ಲಿ ಮಾರುವ ತುಂಡನ್ನು ಕೊಳ್ಳದಿರುವುದೇ ಕ್ಷೇಮ.

ಇನ್ನು ಕೊಂಡ ಆಸ್ತಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದರೆ, ಬೆಂಗಳೂರಿನಲ್ಲಿ ಹೊರಗಿರುವವರ ಮನೆಗಳನ್ನು ಬಾಡಿಗೆಯ ಒಂದು ಪಾಲು ಪಡೆದು ನೋಡಿಕೊಳ್ಳುವ ಕಂಪನಿಗಳಿವೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮ್ಯಾನೇಜರ್, ರೈಟರ್, ಮೇಸ್ತ್ರಿ ಎಂಬ ಕ್ರಮ ಬ್ರಿಟಿಷರ ಕಾಲದಿಂದ ಬಂದಿದೆ. ಒಡೆಯ ಎಲ್ಲೇ ಇರಲಿ, ಹಾಜರಿ ಪುಸ್ತಕ, ಮಳೆಯ ಲೆಕ್ಕ, ಕೊಯ್ಲಿನ ತೂಕ ಪ್ರತಿದಿನ ಬರಹಕ್ಕೆ ಇಳಿಯುತ್ತವೆ. ವಿಜಯಪುರದಂಥ ಕಡೆ ಈ ಕೆಲಸ ಮಾಡುವವರು ಅಣ್ಣತಮ್ಮಂದಿರು, ಪಕ್ಕದ ಮನೆಯವರು, ನಿವೃತ್ತ ಮಾಸ್ತರರು, ಗೌಂಡಿಗಳು. ಅವರು ಬಿಸಿಲಲ್ಲಿ ಅಳತೆಗೆ ನಿಲ್ಲುತ್ತಾರೆ, ಕಚೇರಿಯ ಮುಂದೆ ಕಾಯುತ್ತಾರೆ, ತಮ್ಮ ಬೈಕಿನ ಪೆಟ್ರೋಲ್ ಸುಡುತ್ತಾರೆ. ಹಬ್ಬಕ್ಕೆ ಬಂದವರು ಒಂದು ಸೀರೆಯನ್ನೋ ಸಿಹಿ ಡಬ್ಬಿಯನ್ನೋ ಕೊಟ್ಟು ಹೋಗುತ್ತಾರೆ. ಸಂಬಂಧ ಕೆಡುವುದು ಹಣ ಕೇಳಿದ್ದಕ್ಕಿಂತ ಕೇಳಲಾಗದೆ ಒಳಗೇ ಉಳಿದ ಅಸಮಾಧಾನದಿಂದ.

ಈ ಕೆಲಸವನ್ನು ಉದ್ಯೋಗವಾಗಿ ಕಟ್ಟಲು ಬೇಕಾದ ಸಾಮಗ್ರಿ ಜಿಲ್ಲೆಯಲ್ಲೇ ಇದೆ. ಪರವಾನಗಿ ಪಡೆದ ಭೂಮಾಪಕರಿದ್ದಾರೆ, ಗಣಕ ಬಲ್ಲ ಪದವೀಧರರಿದ್ದಾರೆ, ಹಳ್ಳಿಹಳ್ಳಿಗೂ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ (ಪಿ.ಕೆ.ಪಿ.ಎಸ್.) ಸಂಘಗಳ ಜಾಲವಿದೆ. ಸಹಕಾರಿ ಸಂಘವೊಂದು ವರ್ಷಕ್ಕೆ ನಿಗದಿತ ಶುಲ್ಕ ಪಡೆದು, ಮೂರು ತಿಂಗಳಿಗೊಮ್ಮೆ ಸದಸ್ಯರ ಪ್ಲಾಟಿಗೆ ಹೋಗಿ, ಮೂಲೆಕಲ್ಲಿನ ಫೋಟೊ ತೆಗೆದು, ಉತಾರ ಮತ್ತು ಇ.ಸಿ. ಜೊತೆ ಕಳಿಸುವ ಸೇವೆ ಆರಂಭಿಸಿದರೆ ಊರಲ್ಲೇ ಉಳಿದ ಹತ್ತಾರು ಯುವಕ-ಯುವತಿಯರಿಗೆ ಕೆಲಸ ಸಿಗುತ್ತದೆ. ಪಹಣಿಗೆ ಆಧಾರ್ ಜೋಡಣೆ ನಡೆದಿರುವುದರಿಂದ, ಹಕ್ಕು ಬದಲಾವಣೆಯ ಅರ್ಜಿ ಬಿದ್ದ ಕೂಡಲೇ ಮಾಲೀಕನ ಮೊಬೈಲಿಗೆ ಸಂದೇಶ ತಪ್ಪದೆ ತಲುಪುವಂತೆ ಮಾಡುವುದು ಕಂದಾಯ ಇಲಾಖೆಗೂ ಕಷ್ಟವಲ್ಲ.

ಅದು ಆಗುವವರೆಗೆ ಪ್ರತಿ ಕುಟುಂಬವೂ ಮಾಡಬಹುದಾದ ಒಂದು ಕೆಲಸವಿದೆ. ಮುಂದಿನ ಸಲ ಊರಿಗೆ ಬಂದಾಗ ಆಸ್ತಿ ನೋಡಿಕೊಳ್ಳುವವರನ್ನು ಕರೆದುಕೊಂಡು ಹೋಗಿ ನಾಲ್ಕೂ ಮೂಲೆಯ ಕಲ್ಲು ತೋರಿಸಬೇಕು. ಎಷ್ಟು ಸಲ ಹೋಗಿ ನೋಡಬೇಕು, ಏನೇನು ಬರೆದು ಕಳಿಸಬೇಕು, ಎಷ್ಟು ಮೊತ್ತದವರೆಗೆ ಕೇಳದೆ ಖರ್ಚು ಮಾಡಬಹುದು, ತಿಂಗಳಿಗೆ ಎಷ್ಟು ಹಣ ಎಂಬುದನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು. ಆಮೇಲೆ ಮೊದಲ ಆರು ತಿಂಗಳ ಹಣವನ್ನು ಅವರ ಖಾತೆಗೆ ಹಾಕಿ ರೈಲು ಹತ್ತಬೇಕು.